ಪ್ರವಾಸದ ನೆನಪಿನ ಪುಟಗಳು: ಅಭಿಪ್ರಾಯ ಹೇಳುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸುತ್ತಿ ಬಂದ ಅನುಭವ ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಅದರ ಅರ್ಧಭಾಗ ಮಾಸಿಹೋಗಿರುತ್ತದೆ. ಅದನ್ನು ಹಿಡಿದಿಡಲು ಹಿಂದಿನವರು ದಿನಚರಿ ಬರೆದರು. ದಪ್ಪ ಹಾಳೆಯ ಪುಸ್ತಕದಲ್ಲಿ ಭಾವಚಿತ್ರ, ರೈಲಿನ ಟಿಕೆಟ್ಟು, ಒಣಗಿದ ಎಲೆ ಇವುಗಳನ್ನು ಅಂಟಿಸಿಟ್ಟರು. ಇಂಥ ಪುಸ್ತಕಕ್ಕೆ ಸ್ಕ್ರ್ಯಾಪ್‌ಬುಕ್ ಎಂದು ಹೆಸರು. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್, ಹಾಳೆಗೆ ಮೊದಲೇ ಅಂಟು ಸವರಿದ ಸ್ಕ್ರ್ಯಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟನ್ನೇ ಪಡೆದಿದ್ದನು. ಇಂದು ಕತ್ತರಿಯೂ ಬೇಡ, ಅಂಟೂ ಬೇಡ. ಕೈಯಲ್ಲಿರುವ ಫೋನಿನಲ್ಲಿಯೇ ಚಿತ್ರಗಳನ್ನು ಜೋಡಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದರೆ ಪುಟ ಸಿದ್ಧವಾಗುತ್ತದೆ.

ಪುಟ ಮಾಡುವ ಕೆಲಸ ಹೀಗೆ ಸುಲಭವಾಯಿತು. ಅದನ್ನು ನೋಡಿ ಅಭಿಪ್ರಾಯ ಹೇಳುವ ಕೆಲಸ ಮಾತ್ರ ಸುಲಭವಾಗಲಿಲ್ಲ. ಗೆಳೆಯನು ಪುಟವನ್ನು ಮುಂದಿಟ್ಟಾಗ ನಾವು ಸಾಮಾನ್ಯವಾಗಿ ಹೇಳುವ ಮಾತುಗಳು ಎರಡೇ: ಒಂದು, “ಸೂಪರ್”, ಇನ್ನೊಂದು, “ಬಣ್ಣ ಸರಿಯಿಲ್ಲ”. ಮೊದಲನೆಯದರಿಂದ ಅವನಿಗೆ ಸಂತೋಷವಾಗುತ್ತದೆಯೇ ಹೊರತು ಪುಟ ತಿದ್ದುಪಡಿಯಾಗುವುದಿಲ್ಲ. ಎರಡನೆಯದರಿಂದ ಮನಸ್ಸು ಮುದುಡುತ್ತದೆ; ಕಾರಣ ಮಾತ್ರ ತಿಳಿಯುವುದಿಲ್ಲ.

ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮಂಥ ಸರ್ಕಾರಿ ಕಾಲೇಜಿನಲ್ಲಿ ಓದುವ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ನಮ್ಮ ಮನೆಗಳಲ್ಲಿ ಹಳೆಯ ಆಲ್ಬಮ್ಮುಗಳಿಲ್ಲ. ಅಜ್ಜ ಅಜ್ಜಿಯರು ನಡೆದು ಹೋದ ಜಾತ್ರೆ, ಯಾತ್ರೆಗಳು ಅವರ ಮಾತಿನೊಡನೆಯೇ ಮುಗಿದುಹೋದವು. ಇಂಥ ಮನೆಯ ಹುಡುಗನೋ ಹುಡುಗಿಯೋ ಮಾಡಿದ ಪುಟ, ಆ ಮನೆಯವರು ಬರೆದಿಟ್ಟ ಮೊದಲ ಪ್ರವಾಸದ ದಾಖಲೆಯಾಗಿರಬಹುದು. ಒಂದು ಒರಟು ಮಾತಿಗೆ ಅದು ಅಲ್ಲಿಗೇ ನಿಂತರೆ ನಷ್ಟ ಚಿಕ್ಕದಲ್ಲ.

ಗುಣದೋಷಗಳನ್ನು ವಿವೇಚಿಸಿ ಹೇಳುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಮೊದಲನೆಯ ಪರಿಚ್ಛೇದದಲ್ಲಿ ದೋಷ ಯಾವುದು, ಅದೋಷ ಯಾವುದು ಎಂಬುದನ್ನು ವಿಚಾರಮಾಡಿ, ಅನಂತರ ಅಲಂಕಾರಗಳಿಗೆ ಬರುತ್ತದೆ. ನಾವಾದರೋ ಪುಟದ ಅಲಂಕಾರವನ್ನೇ ಮೊದಲು ನೋಡುತ್ತೇವೆ. ಈ ಕ್ರಮ ತಿರುಗಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಹಪಾಠಿಯೊಬ್ಬಳು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಪ್ರವಾಸದ ಪುಟ ಮಾಡಿದ್ದಾಳೆಂದು ಭಾವಿಸಿರಿ. ಹದಿನೆಂಟು ಚಿತ್ರಗಳಿವೆ, ಸುತ್ತ ಹೂಬಳ್ಳಿಯ ಅಂಚಿದೆ. ಐಹೊಳೆಯ ಚಿತ್ರದ ಕೆಳಗೆ “ದುರ್ಗಾದೇವಿಯ ಗುಡಿ” ಎಂದು ಬರೆದಿದೆ.

ಮೊದಲು ನಾವು ತೀರ್ಪು ಕೊಡದೆ ಪ್ರಶ್ನೆ ಕೇಳಬೇಕು: “ಇದರಲ್ಲಿ ನೀನು ಮುಖ್ಯವಾಗಿ ಹೇಳಬೇಕೆಂದಿರುವುದು ಏನು?” ನೆನಪು ಅವಳದು, ಯಾವುದು ಮುಖ್ಯವೆಂದು ನಿರ್ಣಯಿಸುವ ಅಧಿಕಾರವೂ ಅವಳದೇ. “ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಎಲ್ಲರೂ ಕುಳಿತು ಬುತ್ತಿ ಬಿಚ್ಚಿದ್ದು” ಎಂದು ಅವಳು ಹೇಳಿದರೆ, ಆ ಚಿತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿರುವುದನ್ನು ತೋರಿಸಿದರೆ ಸಾಕು. ಹದಿನೆಂಟರಲ್ಲಿ ಯಾವುದನ್ನು ಬಿಡಬೇಕೆಂಬುದು ಅವಳಿಗೇ ಹೊಳೆಯುತ್ತದೆ.

ಎರಡನೆಯದು ಸಂಗತಿಗಳ ಸತ್ಯ. ಇಲ್ಲಿ ದಾಕ್ಷಿಣ್ಯ ಸಲ್ಲದು. ಐಹೊಳೆಯ ಆ ಗುಡಿಯ ಹೆಸರು ದೇವಿಯಿಂದ ಬಂದದ್ದಲ್ಲ. ಕೋಟೆಯೆಂಬ ಅರ್ಥದ ‘ದುರ್ಗ’ದಿಂದ ಬಂದದ್ದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂಥ ವಿವರಗಳಲ್ಲಿ ತಪ್ಪಿದ್ದರೆ ಸರಿಯಾದುದನ್ನೂ ಜೊತೆಗೇ ಹೇಳಬೇಕು. ನಾಳೆ ಅವಳ ತಮ್ಮ ತಂಗಿಯರು ಓದುವುದು ಇದೇ ಪುಟವನ್ನು.

ಮೂರನೆಯದು ಸ್ಪಷ್ಟತೆ. ಕನ್ನಡದ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಅಂತರ ಹೆಚ್ಚಿಸಬೇಕು. ಚಿತ್ರದ ಮೇಲೆಯೇ ಅಕ್ಷರ ಬರೆದರೆ ಎರಡೂ ಕಾಣುವುದಿಲ್ಲ. ಅಚ್ಚು ಮಾಡಿಸುವುದಾದರೆ ಇಂಚಿಗೆ 300 ಬಿಂದುಗಳ ಲೆಕ್ಕವಿದೆ: ನಾಲ್ಕಿಂಚು ಅಗಲದ ಚಿತ್ರಕ್ಕೆ 1200 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಚಿತ್ರವೆಂದು ಕಳಿಸಿದರೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಕಡತದ ರೂಪದಲ್ಲಿ, ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗದು. ಹೂಬಳ್ಳಿಯ ಮಾತು ಎಲ್ಲಕ್ಕಿಂತ ಕೊನೆಗೆ. ಅದು ರುಚಿಯ ವಿಷಯ. “ನನಗೆ ಹೀಗೆ ತೋರುತ್ತದೆ” ಎಂದಷ್ಟೇ ಹೇಳಿ ಸುಮ್ಮನಾಗಬೇಕು.

ಇನ್ನೊಂದು ಮಾತು. ಪ್ರವಾಸಕ್ಕೆ ಜೊತೆಯಲ್ಲಿ ಹೋದವರು ಒಳ್ಳೆಯ ವಿಮರ್ಶಕರಲ್ಲ. ಪುಟದಲ್ಲಿ ಇಲ್ಲದುದನ್ನೂ ಅವರು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಾರೆ. ನಮ್ಮ ಅವ್ವನಿಗೆ ಓದು ಬಾರದು. ಇಂಥ ಪುಟ ತೋರಿಸಿದರೆ ಅವಳು ಕೇಳುವುದು, “ಇದರಲ್ಲಿ ನೀನೆಲ್ಲಿದ್ದೀಯೆ? ಊಟ ಎಲ್ಲಿ ಮಾಡಿದಿರಿ? ರಾತ್ರಿ ಎಲ್ಲಿ ಮಲಗಿದಿರಿ?” ಎಂದು. ಹೆಚ್ಚಿನ ಪುಟಗಳಲ್ಲಿ ಈ ಮೂರಕ್ಕೂ ಉತ್ತರವಿರುವುದಿಲ್ಲ. ಗೋಪುರ ಶಿಖರಗಳ ಚಿತ್ರ ಎಲ್ಲಿಯಾದರೂ ದೊರೆತೀತು. ಈ ಉತ್ತರಗಳು ಬೇರೆಲ್ಲಿಯೂ ದೊರೆಯವು. ಆದುದರಿಂದ ಬಾರದೆ ಉಳಿದವರ ಕಣ್ಣಿನಿಂದ ನೋಡಿ ಹೇಳುವ ಅಭಿಪ್ರಾಯವೇ ನಿಜವಾಗಿ ಉಪಯುಕ್ತವಾದದ್ದು.

ಈ ವರ್ಷವೂ ನಮ್ಮಲ್ಲಿ ಅನೇಕರು ಪ್ರವಾಸ ಹೋಗಿಬರುತ್ತಾರೆ, ಪುಟಗಳನ್ನು ಮಾಡುತ್ತಾರೆ. ಅವರು ಅದನ್ನು ನಮ್ಮ ಕೈಗೆ ಕೊಟ್ಟಾಗ ಹೊಗಳಿಕೆಯ ಒಂದು ಮಾತಿನಿಂದ ಸಾಗಹಾಕದೆ, ಐದು ನಿಮಿಷ ಕುಳಿತು ನೋಡಿ, ಒಂದು ಪ್ರಶ್ನೆಯನ್ನಾದರೂ ಕೇಳೋಣ. ಗೆಳೆತನಕ್ಕೂ ವಿದ್ಯೆಗೂ ಒಪ್ಪುವ ನಡತೆ ಅದೇ.