ಚಿಪ್ ಮಂದವಾದರೆ ಮೊದಲು ವೈರ್ ನೋಡಿ

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಗಾಳಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಒಣದ್ರಾಕ್ಷಿ ಶೆಡ್ಡಿಗೆ ಮೇಲೆ ಸೂರು, ಸುತ್ತ ಬಯಲು. ಬೀಸುವ ಒಣಗಾಳಿ ಹಣ್ಣಿನ ತೇವವನ್ನು ಹೊತ್ತೊಯ್ಯುತ್ತದೆ. ಅದೇ ಶೆಡ್ಡಿನಲ್ಲಿ ತೇವಾಂಶ ಅಳೆಯಲೆಂದು ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ ಇಟ್ಟಿರೋ, ಧೂಳಿಗೆ ಹೆದರಿ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿದುಬಿಡುತ್ತೀರಿ. ಮಧ್ಯಾಹ್ನದ ಹೊತ್ತಿಗೆ ಅದು ತೂಕಡಿಸತೊಡಗುತ್ತದೆ.

2019ರಲ್ಲಿ ಬಂದ ಪೈ 4ರ ಪ್ರೊಸೆಸರ್ ಕೆಲಸವಿದ್ದಾಗ ಸೆಕೆಂಡಿಗೆ 150 ಕೋಟಿ ಸಲ ಮಿಡಿಯುತ್ತದೆ, ಸುಮ್ಮನಿದ್ದಾಗ 60 ಕೋಟಿ. ಈ 60 ಕೋಟಿ ಕಂಡು ಬೋರ್ಡೇ ಕೆಟ್ಟಿತೆಂದು ಗಾಬರಿಯಾಗುವವರು ಬಹಳ. ಅದು ಕೆಟ್ಟಿಲ್ಲ, ಮಲಗಿದೆ. ಭಾರದ ಕೆಲಸ ಕೊಟ್ಟು ಆಮೇಲೆ ಅಳೆಯಿರಿ. ಅಳೆಯುವಾಗಲೂ ಎಚ್ಚರ ಬೇಕು: ಲಿನಕ್ಸ್ ತೋರಿಸುವುದು ತಾನು ಕೇಳಿದ ವೇಗವನ್ನು, ಚಿಪ್ ನಿಜಕ್ಕೂ ಓಡುತ್ತಿರುವ ವೇಗವನ್ನು ಹೇಳುವುದು 'ವಿಸಿಜೆನ್‌ಸಿಎಂಡಿ' ಎಂಬ ಆಜ್ಞೆ.

ನಿಜವಾಗಿ ವೇಗ ಕುಸಿದಿದ್ದರೆ ಕಾರಣ ಸಾಮಾನ್ಯವಾಗಿ ಎರಡು. ಒಂದು ಬಿಸಿ. ಚಿಪ್ 80 ಡಿಗ್ರಿ ದಾಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 65ಕ್ಕೆ ನಿಲ್ಲುವ ಚಿಪ್, ವಿಜಯಪುರದ 42 ಡಿಗ್ರಿಯ ಮೇ ಬಿಸಿಲಿನಲ್ಲಿ ಅಷ್ಟೇ ಕೆಲಸಕ್ಕೆ 82ರ ಹತ್ತಿರ ಹೋಗುತ್ತದೆ. ಡಬ್ಬಿಗೆ ತೂತು ಕೊರೆದು, ಹೀಟ್ ಸಿಂಕ್ ಅಂಟಿಸಿದರೆ ಈ ಕಾಟ ಬಹುಪಾಲು ಕಡಿಮೆ.

ಇನ್ನೊಂದು ಕಾರಣ ವೈರ್. ಕಂಪ್ಯೂಟರ್ ಮಂದಿಗಿಂತ ಇದು ಪಂಪ್‌ಸೆಟ್ ಇಟ್ಟವರಿಗೆ ಬೇಗ ಹೊಳೆಯುತ್ತದೆ. ದೂರದ ಬೋರ್‌ವೆಲ್‌ಗೆ ಸಣ್ಣ ಕೇಬಲ್ ಎಳೆದರೆ ಮೋಟಾರ್ ಗುಂಯ್‌ಗುಡುತ್ತದೆ, ನೀರು ಮಾತ್ರ ಏರುವುದಿಲ್ಲ. ಇಲ್ಲಿಯೂ ಅದೇ ಲೆಕ್ಕ. ಅಡಾಪ್ಟರ್ 5.1 ವೋಲ್ಟ್ ಕೊಟ್ಟರೂ ಕಾಲು ಓಮ್ ರೋಧದ ಅಗ್ಗದ ಯುಎಸ್‌ಬಿ ಕೇಬಲ್‌ನಲ್ಲಿ 2 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಉಳಿಯುವುದು 4.6. ಪೈ 4.63ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ಕೊಟ್ಟು ವೇಗ ತಗ್ಗಿಸುತ್ತದೆ. 'ಪರ್ಫಾರ್ಮೆನ್ಸ್' ಸೆಟ್ಟಿಂಗ್ ಹಾಕಿ ಒತ್ತಾಯಿಸಿದರೆ ಕರೆಂಟ್ ಇನ್ನಷ್ಟು ಎಳೆದು ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಹೀಗಾಗಿ ನನ್ನ ಮಟ್ಟಿಗೆ ಸೆಟ್ಟಿಂಗ್ ಮುಟ್ಟುವುದು ಕಟ್ಟಕಡೆಯ ಮಾತು. ಮೊದಲು ದಪ್ಪನೆಯ, ಗಿಡ್ಡ ಕೇಬಲ್.

ಇವೆರಡರಲ್ಲಿ ಯಾವುದೆಂದು ಊಹಿಸಬೇಕಿಲ್ಲ. ಅದೇ ಆಜ್ಞೆಗೆ 'ಗೆಟ್ ಥ್ರಾಟಲ್ಡ್' ಸೇರಿಸಿ ಕೇಳಿದಾಗ 50005 ಬಂದರೆ ವೋಲ್ಟೇಜ್ ಈಗಲೇ ಕುಸಿದಿದೆ. 50000 ಬಂದರೆ ಹಿಂದೆ ಕುಸಿದಿತ್ತು, ಈಗ ಸರಿಯಿದೆ. ರಾತ್ರಿ ತಂಪಾದ ಮೇಲೂ ಹಗಲಿನ ಗುರುತು ಉಳಿದಿರುತ್ತದೆ. ಆದರೆ ರಿಸ್ಟಾರ್ಟ್ ಮಾಡಿದರೆ ಅದು ಅಳಿಸಿಹೋಗುತ್ತದೆ. ಅದಕ್ಕೇ ಸ್ವಿಚ್‌ಗೆ ಕೈ ಹಾಕುವ ಮುನ್ನ ಆ ಅಂಕಿ ಬರೆದಿಟ್ಟುಕೊಳ್ಳಿ.