ಅಕ್ಕನ ಹಾಜರಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಮನೆಯ ಕ್ಷೇಮವನ್ನು ತಿಳಿಯಲು ಬಾಗಿಲು ಬಡಿಯಬೇಕಾಗಿರಲಿಲ್ಲ. ಹೊತ್ತು ಹುಟ್ಟುವುದರೊಳಗೆ ಅಂಗಳಕ್ಕೆ ಥಳಿ ಬಿದ್ದು, ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಮೂಡಿತೆಂದರೆ ಮನೆಯಾಕೆ ಎದ್ದಿದ್ದಾಳೆ, ಕೈಕಾಲು ನೆಟ್ಟಗಿವೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಬಿಸಿಲೇರಿದರೂ ಅಂಗಳ ಒಣಗಿಯೇ ಇದ್ದರೆ ಎದುರುಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಯಾಕ ಕಾಕೂ, ಮೈಯಾಗ ಆರಾಮ ಇಲ್ಲೇನು?" ಎಂದು ವಿಚಾರಿಸುತ್ತಿದ್ದಳು. ಗಂಡಸರಾದರೋ ಒಳಗೆ ಕಾಲಿಡುವ ಮುನ್ನ ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ರೋಗದ ಸಂಬಂಧವಿರಲಿಲ್ಲ. ಬರುತ್ತಿದ್ದೇನೆ, ಸೆರಗು ಸರಿಪಡಿಸಿಕೊಳ್ಳಿ ಎಂಬ ಸೂಚನೆ ಅದು.

ಈ ಕೆಲಸವನ್ನೆಲ್ಲ ನಾವೀಗ ಗೋಡೆಯ ಮೂಲೆಗೆ ಅಂಟಿಸುವ, ನಿಂಬೆಹಣ್ಣಿನ ಗಾತ್ರದ ಒಂದು ಬಿಳಿಯ ಯಂತ್ರಕ್ಕೂ, ಅದರ ವಾರ್ತೆಯನ್ನು ಮೊಬೈಲಿನಲ್ಲಿ ತೋರಿಸುವ ಆ್ಯಪಿಗೂ ವಹಿಸಿಕೊಡತೊಡಗಿದ್ದೇವೆ. ನನ್ನ ಅಕ್ಕನ ಮನೆಗೂ ಅದು ಬಂದಿತು.

ಅಕ್ಕನದು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ಊರು. ಭಾವನವರು ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅವಳೊಬ್ಬಳೇ. ಮಗ ಪುಣೆಯಲ್ಲಿ. ಅವನ ಉದ್ಯೋಗವೂ ಇಂಥ ಆ್ಯಪುಗಳಿಗೆ ಸಂಬಂಧಿಸಿದ್ದೇ. ಯಂತ್ರ ಮಾಡುವವರು ಬೇರೆ, ಅದರ ಒಳಗಿನ ಲೆಕ್ಕ ಬರೆಯುವವರು ಬೇರೆ. ನೋಡುವವನ ಕಣ್ಣಿಗೆ ಏನು ಬೀಳಬೇಕು, ಯಾವ ಗುಂಡಿ ಎಲ್ಲಿರಬೇಕು, ಯಾವ ಹೊತ್ತಿನಲ್ಲಿ ಯಾವ ಮಾತಿನಿಂದ ಎಚ್ಚರಿಸಬೇಕು ಎಂಬುದನ್ನು ಗೊತ್ತುಮಾಡುವುದು ಇವನ ಕಸುಬು. ತನ್ನ ಕೈಯಾರೆ ರೂಪಿಸಿದ್ದನ್ನು ತನ್ನ ತಾಯಿಯ ಮನೆಯಲ್ಲೇ ಮೊದಲು ಹಚ್ಚಿ ನೋಡುತ್ತೇನೆಂದು ದೀಪಾವಳಿಗೆ ಬಂದಾಗ ಪಡಸಾಲೆಯಲ್ಲೊಂದು, ಅಡುಗೆಮನೆಯಲ್ಲೊಂದು ಕೂಡಿಸಿ ಹೋದ.

ಹದಿನೈದು ದಿನ ಎಲ್ಲ ಸುರಳೀತ. ಒಂದು ದಿನ ಅಕ್ಕ ಏಕಾದಶಿಯ ಉಪವಾಸದ ದಣಿವಿನಲ್ಲಿ ನಡುಮನೆಯಲ್ಲೇ ಎಂಟು ಗಂಟೆಯವರೆಗೆ ಮಲಗಿಬಿಟ್ಟಳು. ಪುಣೆಯಲ್ಲಿ ಆ್ಯಪು ಕೂಗಿಕೊಂಡಿತು. ಅಳಿಯ ಅಕ್ಕನಿಗೆ ಹತ್ತು ಸಲ ಫೋನು ಮಾಡಿ, ಅವಳು ಎತ್ತದಿರಲು ಅರ್ಧ ಊರಿಗೆ ಫೋನು ಮಾಡಿದ. ಕಣ್ಣುಜ್ಜುತ್ತ ಬಾಗಿಲು ತೆರೆದ ಅಕ್ಕನ ಎದುರು ಅಂಗಳದ ತುಂಬ ಜನ!

ಆ ನಾಚಿಕೆಯಿಂದ ಅವಳು ಒಂದು ಉಪಾಯ ಕಂಡುಕೊಂಡಳು. ನಾನು ಹೋದಾಗ ಅವಳೇ ಹೇಳಿದ್ದು: "ದಿನಾ ಐದಕ್ಕ ಎದ್ದು ಅದರ ಮುಂದ ಎರಡ ಸಲ ಅಡ್ಡಾಡಿ ಹಾಜರಿ ಕೊಟ್ಟು ಬರ್ತೇನಪಾ. ಆಮ್ಯಾಲ ಬೇಕಾದ್ರ ಮತ್ತ ಮಲಗತೇನಿ. ಇಲ್ಲಂದ್ರ ಆ ಹುಡುಗ ಪುಣೆದಾಗ ಚಾ ಸುದ್ದಾ ಕುಡಿಯೂದಿಲ್ಲ."

ನಾನು ನಕ್ಕೆ. ನಗಬಾರದಿತ್ತು. ಮಾಘಮಾಸದಲ್ಲಿ ಅಕ್ಕನಿಗೆ ಜ್ವರ ಬಂದಿತು. ಎರಡು ದಿನ ಅನ್ನನೀರಿಲ್ಲದೆ ನಡುಮನೆಯಲ್ಲಿ ಬಿದ್ದುಕೊಂಡಿದ್ದಳು. ಆದರೆ ಎರಡು ಮುಂಜಾನೆಯೂ ಗೋಡೆ ಹಿಡಿದುಕೊಂಡು ಹೋಗಿ ಹಾಜರಿ ಕೊಟ್ಟು ಬಂದಿದ್ದಳು. ಪುಣೆಯ ಆ್ಯಪಿನಲ್ಲಿ ಹಸಿರು ಚುಕ್ಕೆ ಉರಿಯುತ್ತಲೇ ಇತ್ತು. ಮೂರನೆಯ ದಿನ, ಹಿಂದಿನ ದಿನದ ಹಾಲಿನ ತಂಬಿಗೆ ಕಟ್ಟೆಯ ಮೇಲೆ ಹಾಗೆಯೇ ಇದ್ದುದನ್ನು ಕಂಡು ಹಾಲಿನವನು ಕೂಗಿದ. ಚಿಕ್ಕೋಡಿಯ ದವಾಖಾನೆಗೆ ಒಯ್ದುದರಿಂದ ಅಕ್ಕ ಉಳಿದಳು. ಸುದ್ದಿ ತಿಳಿದು ರಾತ್ರಿಯ ಬಸ್ಸಿಗೆ ಓಡಿಬಂದ ಅಳಿಯನ ಮುಖವನ್ನು ನೋಡಲಾಗುತ್ತಿರಲಿಲ್ಲ. "ಯಂತ್ರದ ತಪ್ಪಲ್ಲ ಮಾಮಾ, ಅದನ್ನ ಕೂಡಿಸಿದವನ ತಪ್ಪು" ಎಂದನು.

ಅಂದಿನಿಂದ ಎಂಟು ದಿನ ಅವನು ಊರಿನಲ್ಲೇ ಉಳಿದ. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತು ಆಡಿದ ಮಾತುಗಳಿಂದಲೇ ನನಗೆ ಈ ವಿದ್ಯೆ ಅಷ್ಟಿಷ್ಟು ತಿಳಿದದ್ದು.

ಆ ಬಿಳಿಯ ಯಂತ್ರ ಮನುಷ್ಯರನ್ನು ನೋಡುವುದಿಲ್ಲ. ನಮ್ಮ ಮೈಯಿಂದ ಸದಾ ಹೊಮ್ಮುತ್ತಿರುವ ಶಾಖದ ಕಿರಣಗಳು, ಅಂದರೆ ಅವಕೆಂಪು ಕಿರಣಗಳು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಅದರೊಳಗಿನ ಹರಳಿನಲ್ಲಿ ಕಿಂಚಿತ್ ವಿದ್ಯುತ್ತು ಹುಟ್ಟುತ್ತದೆ. ಅದಿಷ್ಟೇ ಅದರ ಜ್ಞಾನ. ಸುಮ್ಮನೆ ಕುಳಿತವರು ಅದರ ಪಾಲಿಗೆ ಇಲ್ಲದವರೇ ಸರಿ. ನಿಪ್ಪಾಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತಾಸುಗಟ್ಟಲೆ ಬೀಡಿ ಕಟ್ಟುವ ಹೆಣ್ಣುಮಕ್ಕಳ ಬೆರಳಷ್ಟೇ ಆಡುತ್ತವೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವನೂ ಹಾಗೆಯೇ. ದೂರದ ಮೂಲೆಯಲ್ಲಿ ಕುಳಿತ ಯಂತ್ರ ಇಂಥವರನ್ನು ಕಂಡು, ಮನೆಯಲ್ಲಿ ಯಾರೂ ಇಲ್ಲವೆಂದು ವರದಿ ಮಾಡಿದರೆ ಆಶ್ಚರ್ಯವಿಲ್ಲ. ಮನೆಯವರಲ್ಲೆಲ್ಲ ಹೆಚ್ಚು ದುಡಿಯುವವರೇ ಅದಕ್ಕೆ ಕಾಣಿಸುವುದಿಲ್ಲವೆಂಬುದು ವಿಚಿತ್ರವಲ್ಲವೆ? ಇನ್ನು ಬೇಸಗೆ. ನಮ್ಮ ಚರ್ಮದ ಶಾಖ ಸುಮಾರು 33 ಡಿಗ್ರಿ. ಚೈತ್ರ ವೈಶಾಖಗಳಲ್ಲಿ ಅಥಣಿಯ ಕಡೆಯ ಗೋಡೆಗಳು ತಾವೇ ಅಷ್ಟು ಕಾದಿರುವಾಗ ಗೋಡೆಗೂ ಮನುಷ್ಯನಿಗೂ ಇರುವ ಅಂತರ ಯಂತ್ರಕ್ಕೆ ಮಸುಕಾಗುತ್ತದೆ. ಎದೆಯ ಏರಿಳಿತದಿಂದ ಉಸಿರನ್ನೂ ಗ್ರಹಿಸಬಲ್ಲ ರೇಡಾರ್ ಜಾತಿಯ ಯಂತ್ರಗಳೂ ಈಗ ಉಂಟಂತೆ. ಪುಣೆಯಲ್ಲಿ ಕುಳಿತ ಮಗ ತಾಯಿಯ ಉಸಿರನ್ನೆಣಿಸುವ ಕಾಲವೂ ಬಂದಿತೆಂದಾಯಿತು.

ಯಂತ್ರದ ಕುರುಡಿಗಿಂತ ಆ್ಯಪಿನ ತಿಳಿವಳಿಕೆಯ ಕುರುಡು ದೊಡ್ಡದು. ರಾತ್ರಿ ಎರಡಕ್ಕೆ ಯಾರಾದರೂ ಓಡಾಡಿದರೆ ಅದು 'ಅಸಹಜ ಚಟುವಟಿಕೆ' ಎನ್ನುತ್ತದೆ. ಕಾಗವಾಡ, ಉಗಾರಗಳ ಕಬ್ಬಿನ ರೈತನಿಗೆ ತ್ರೀ ಫೇಜ್ ಕರೆಂಟು ಬರುವುದೇ ಹೆಚ್ಚಾಗಿ ಆ ಹೊತ್ತಿನಲ್ಲಿ. ಪಂಪು ಹಚ್ಚಲು ಅವನು ಏಳದಿದ್ದರೆ ಅದು ಅಸಹಜ! ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಸುತ್ತಲಿನ ಊರುಗಳ ಮನೆಗಳಲ್ಲಿ ನೆಂಟರು ಕಾಲಿಡಲು ಜಾಗವಿಲ್ಲದಂತೆ ತುಂಬುತ್ತಾರೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಮನೆಯ ದಿನಚರಿಯನ್ನು ಕಲಿತ ಆ್ಯಪಿಗೆ ಆ ದಿನ ಹುಚ್ಚು ಹಿಡಿಯದೆ ಇರದು. 'ಮನೆಯಲ್ಲಿದ್ದೇವೆ', 'ಹೊರಗೆ ಹೋಗಿದ್ದೇವೆ' ಎಂಬ ಎರಡೇ ಗುಂಡಿಗಳು ಅದರಲ್ಲಿದ್ದವು. ಹಗಲೆಲ್ಲ ಬಾಗಿಲು ತೆರೆದಿಟ್ಟು, ಹಿತ್ತಲಲ್ಲೋ ಎದುರುಮನೆಯ ಕಟ್ಟೆಯ ಮೇಲೋ ಇರುವ ಅಕ್ಕ ಎರಡರಲ್ಲಿ ಯಾವುದನ್ನು ಒತ್ತಬೇಕು?

ಕರೆಂಟು ಹೋದಾಗಿನ ಗತಿ ಇನ್ನೂ ಘೋರ. ಮನೆಯ ಇಂಟರ್‌ನೆಟ್ ಪೆಟ್ಟಿಗೆ ಆರಿದೊಡನೆ ಸುದ್ದಿ ನಿಲ್ಲುತ್ತದೆ. ಅಳಿಯ ರೂಪಿಸಿದ ಮೊದಲ ಪರದೆಯಲ್ಲಿ 'ಅವ್ವ ಓಡಾಡಿಲ್ಲ' ಎಂಬುದಕ್ಕೂ 'ಯಂತ್ರ ಮಾತಾಡುತ್ತಿಲ್ಲ' ಎಂಬುದಕ್ಕೂ ಒಂದೇ ಬೂದುಬಣ್ಣದ ಗುರುತು! 2019ರ ಆಗಸ್ಟಿನ ಮಹಾಪೂರದಲ್ಲಿ ಈ ತಾಲ್ಲೂಕುಗಳ ಹೊಳೆಸಾಲಿನ ಊರುಗಳು ಕತ್ತಲಲ್ಲಿ ಕುಳಿತುದನ್ನು ಕಂಡವರಿಗೆ ಈ ಎರಡರ ನಡುವಣ ವ್ಯತ್ಯಾಸ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಪಾರ್ಲಿಮೆಂಟು ಮಾಡಿದ ದತ್ತಾಂಶ ಸಂರಕ್ಷಣೆಯ ಕಾಯಿದೆಯ ಪ್ರಕಾರ, ಕಂಪನಿ ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದಲು ಅನುಕೂಲವಿರಬೇಕು. ಕನ್ನಡವೂ ಮರಾಠಿಯೂ ಅದರಲ್ಲಿವೆ. ನಮ್ಮ ಗಡಿಸೀಮೆಗೆ ಇದು ಒಳ್ಳೆಯದೇ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯೊಳಗಿನ ಉಪಯೋಗಕ್ಕೆ ಮಾಡುವುದನ್ನು ಆ ಕಾಯಿದೆ ಮುಟ್ಟುವುದಿಲ್ಲ. ತಾಯಿ ಮಗನ ನಡುವೆ ಸರಕಾರ ಬರಲಾರದು, ಬರಬಾರದು ಕೂಡ. ಹಾಗಾದರೆ ಅಲ್ಲಿ ಅಕ್ಕನ ಪರವಾಗಿ ನಿಲ್ಲುವವರು ಯಾರು? ಪರದೆಯನ್ನೂ ಗುಂಡಿಯನ್ನೂ ರೂಪಿಸುವವನೊಬ್ಬನೇ.

ಅಳಿಯ ಹಾಳೆಯ ಮೇಲೆ ಗೆರೆ ಕೊರೆದು ಅಕ್ಕನಿಗೆ ತೋರಿಸುತ್ತ ಹೋದ. ಅವಳ ಮೊದಲ ಪ್ರಶ್ನೆ ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿತು: "ಇದನ್ನ ನಾ ಹ್ಯಾಂಗ ಮುಚ್ಚೂದು?" ಸ್ನಾನ ಮಾಡಿ ಬಂದು ಸೀರೆ ಉಡುವಾಗ ಅವಳು ಅದರ ಮೇಲೊಂದು ಪಂಚೆ ಹೊದಿಸುತ್ತಿದ್ದಳಂತೆ. ಅದು ಚಿತ್ರ ತೆಗೆಯುವುದಿಲ್ಲವೆಂದು ಅಳಿಯ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಕಣ್ಣು ಯಾವುದಾದರೇನು, ಕಣ್ಣೇ ಅಲ್ಲವೆ? ಕೊನೆಗೆ ಹಾಸಿಗೆಯ ಬಳಿ ಒಂದು ಗುಂಡಿ ಬಂದಿತು. ಒತ್ತಿದರೆ ಒಂದು ತಾಸು ಯಂತ್ರ ಸುಮ್ಮನಿರಬೇಕು, ಪುಣೆಯವನು ಏಕೆಂದು ಕೇಳಕೂಡದು. ಇನ್ನೊಂದು ಗುಂಡಿ, ಎದ್ದ ಮೇಲೆ ತನಗೆ ಮನಸ್ಸಾದಾಗ 'ಎದ್ದೆ' ಎಂದು ತಿಳಿಸಲಿಕ್ಕೆ. ತಡವಾದರೆ ತಡವೆಂದು ತಿಳಿಯಬೇಕು, ಗದ್ದಲವೆಬ್ಬಿಸಬಾರದು. ಅಡ್ಡಾಡಿದ ಸುಳಿವೂ ಇಲ್ಲ, ಗುಂಡಿಯೂ ಒತ್ತಿಲ್ಲ ಎಂದಾದರೆ ಮೊದಲ ಸುದ್ದಿ ಪುಣೆಗಲ್ಲ, ಎದುರುಮನೆಗೆ. ರಕ್ತಸಂಬಂಧಕ್ಕಿಂತ ಎಂಟು ಹೆಜ್ಜೆಯ ದೂರ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಉಳಿದದ್ದು ಮಾತು. 'ಅಸಾಮಾನ್ಯ ನಿಷ್ಕ್ರಿಯತೆ ಪತ್ತೆಯಾಗಿದೆ' ಎಂದು ಆ್ಯಪಿನಲ್ಲಿ ಬರೆದಿತ್ತು. ಅಕ್ಕ ಅದನ್ನು ಎರಡು ಸಲ ಓದಿಸಿ, "ಇದೇನು ಪೊಲೀಸರು ಬರ್ಯೂದೇನೋ?" ಎಂದಳು. ಅದನ್ನು ಹೊಡೆದು, 'ಮುಂಜಾನೆಯಿಂದ ಕಾಕೂ ಕಂಡಿಲ್ಲ, ಒಮ್ಮೆ ನೋಡಿ ಬರ್ರಿ' ಎಂದು ಬರೆದದ್ದಾಯಿತು. ಎದುರುಮನೆಯಾಕೆ ಓದುವುದು ಮರಾಠಿಯಾದ್ದರಿಂದ ಅವಳ ಫೋನಿಗೆ ಮರಾಠಿಯಲ್ಲಿ.

ಮೊನ್ನೆ ಆ ಸುದ್ದಿ ಮೊದಲ ಸಲ ಹೋಯಿತು. ಎದುರುಮನೆಯಾಕೆ ಬಂದು ನೋಡಿದರೆ ಅಕ್ಕ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಳೆ, ಗುಂಡಿಯ ನೆನಪೇ ಇಲ್ಲ. ಬಂದವಳು ಚಹಾ ಕುಡಿದು, ಅರ್ಧ ಬುಟ್ಟಿ ಅವರೆ ಬಿಡಿಸಿಕೊಟ್ಟು ಹೋದಳು. ಪುಣೆಗೆ ತಿಳಿಸುವುದನ್ನು ಇಬ್ಬರೂ ಮರೆತರು. ಸಂಜೆ ಫೋನಿನಲ್ಲಿ ಅಳಿಯ ನನ್ನೊಡನೆ ಅದನ್ನೇ ತೋಡಿಕೊಂಡ. ಎದುರುಮನೆಯವಳ ಪರದೆಯಲ್ಲಿ 'ನೋಡಿ ಬಂದೆ' ಎಂಬ ಗುಂಡಿಯೊಂದನ್ನು ಈ ವಾರ ಕೂಡಿಸುತ್ತಾನಂತೆ.