ಒಂದು ಅಂಕಿಯೊಳಗೆ ಮೂರು ತಲೆಮಾರು

ವಿದ್ಯಾರ್ಥಿಗಳೇ, ಒಂದು ನಗರದ ಮಹಿಳೆಯರ ಸಾಕ್ಷರತೆ ಶೇಕಡಾ 77 ಅಂತ ಓದಿದಿರಿ ಅನ್ನಿ. ಹಾಗಾದರೆ ಅಲ್ಲಿ 100 ಹುಡುಗಿಯರಲ್ಲಿ 23 ಮಂದಿ ಶಾಲೆಗೇ ಹೋಗುತ್ತಿಲ್ಲವೇ? ಹಾಗೇನೂ ಅಲ್ಲ.

ಮೊದಲು, ಸಾಕ್ಷರರು ಅಂದರೆ ಯಾರು? ನಮ್ಮ ಜನಗಣತಿಯ ಪ್ರಕಾರ, 7 ವರ್ಷ ತುಂಬಿದ್ದು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ತಿಳಿದು ಓದಲು ಬರೆಯಲು ಬಲ್ಲವರು. ಶಾಲೆಯ ಸರ್ಟಿಫಿಕೇಟ್ ಬೇಕಿಲ್ಲ. ಸೊಲ್ಲಾಪುರದಲ್ಲಿ ಕನ್ನಡ ಮಾತ್ರ ಓದಬಲ್ಲವರೂ, ಮರಾಠಿ, ತೆಲುಗು, ಉರ್ದು ಓದಬಲ್ಲವರೂ ಈ ಲೆಕ್ಕದಲ್ಲಿ ಸಮಾನರು.

ಈಗ ಒಂದು ಲೆಕ್ಕ ಮಾಡೋಣ. ಒಂದು ಓಣಿಯಲ್ಲಿ 7 ವರ್ಷ ತುಂಬಿದ 100 ಮಹಿಳೆಯರಿದ್ದಾರೆ ಎಂದುಕೊಳ್ಳಿ. 40 ವರ್ಷದೊಳಗಿನ 60 ಮಂದಿಯಲ್ಲಿ 57 ಮಂದಿಗೆ ಓದುಬರಹ ಬರುತ್ತದೆ. ಅಂದರೆ ಶೇಕಡಾ 95. ಅದಕ್ಕಿಂತ ಹಿರಿಯರಾದ 40 ಮಂದಿಯಲ್ಲಿ 20 ಮಂದಿಗೆ ಬರುತ್ತದೆ. ಅಂದರೆ ಶೇಕಡಾ 50. ಎರಡನ್ನೂ ಕೂಡಿಸಿದರೆ 77! ಆ ಒಂದು ಅಂಕಿ ಕಿರಿಯರ ಸ್ಥಿತಿಯನ್ನೂ ಹೇಳಲಿಲ್ಲ, ಹಿರಿಯರ ಸ್ಥಿತಿಯನ್ನೂ ಹೇಳಲಿಲ್ಲ.

ಯಾಕೆ ಹೀಗೆ? ಬಾಲ್ಯದಲ್ಲಿ ತಪ್ಪಿದ ಶಾಲೆ ಹೆಚ್ಚಿನವರಿಗೆ ಮತ್ತೆ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ 70 ವರ್ಷದ ಅಜ್ಜಿ 1951ರಲ್ಲಿ 10 ವರ್ಷದ ಹುಡುಗಿ. ಆಗ ದೇಶದಲ್ಲಿ 100 ಗಂಡಸರಲ್ಲಿ ಸುಮಾರು 27 ಮಂದಿಗೆ ಅಕ್ಷರ ಗೊತ್ತಿತ್ತು. ಹೆಂಗಸರಲ್ಲಿ ಸುಮಾರು 9 ಮಂದಿಗೆ ಮಾತ್ರ. 2011ರ ಹೊತ್ತಿಗೆ ಇದು ಸುಮಾರು 81 ಮತ್ತು 65 ಆಯಿತು. ಅಂತರ ಕಡಿಮೆಯಾಗಿದೆ, ಮುಗಿದಿಲ್ಲ. ಹಿರಿಯರ ಸಾಲಿನಲ್ಲಿ ಅವರ ಬಾಲ್ಯಕಾಲದ ಶಾಲೆಗಳ ಕಥೆ ಈಗಲೂ ಉಳಿದಿರುತ್ತದೆ.

ಅದಕ್ಕೇ ಜನಗಣತಿಯಲ್ಲಿ ವಯಸ್ಸು, ಗಂಡು–ಹೆಣ್ಣು, ಓದಿದ ಮಟ್ಟ ಈ ಮೂರನ್ನೂ ಸೇರಿಸಿದ ಕೋಷ್ಟಕ ಇರುತ್ತದೆ. ಅದನ್ನು ಓದುವಾಗ ಒಂದು ಎಚ್ಚರ: 17 ವರ್ಷದವರಲ್ಲಿ ಪದವೀಧರರು ಇಲ್ಲವೆಂದು ಚಿಂತಿಸಬೇಡಿ, ಅವರಿನ್ನೂ ಓದುತ್ತಿದ್ದಾರೆ! ಪದವಿಯ ಲೆಕ್ಕ ನೋಡಲು 25 ದಾಟಿದವರ ಸಾಲೇ ಸರಿ.

ಇದು ಬರೀ ಅಂಕಿಗಳ ಆಟವಲ್ಲ. ಕೊರತೆ ಅಜ್ಜಿಯರ ಸಾಲಿನಲ್ಲಿದ್ದರೆ ಬೇಕಾದದ್ದು ವಯಸ್ಕರ ಸಂಜೆ ತರಗತಿ. ಹುಡುಗಿಯರು ಏಳನೆಯ ತರಗತಿಗೇ ನಿಂತಿದ್ದರೆ ಹತ್ತಿರದಲ್ಲಿ ಹೈಸ್ಕೂಲು, ಬಸ್ಸು, ಶೌಚಾಲಯ ಬೇಕು. ರೋಗ ಯಾವ ಸಾಲಿನಲ್ಲಿದೆಯೆಂದು ತಿಳಿಯದೆ ಮದ್ದು ಕೊಟ್ಟರೆ ಏನು ಫಲ?

ನೀವೂ ಮಾಡಿ ನೋಡಿ. ನಿಮ್ಮ ಓಣಿಯ 20 ಮನೆಗಳಲ್ಲಿ ವಯಸ್ಸು, ಗಂಡು ಅಥವಾ ಹೆಣ್ಣು, ಎಷ್ಟನೆಯ ತರಗತಿವರೆಗೆ ಓದಿದರು, ಇಷ್ಟನ್ನೇ ಬರೆದುಕೊಳ್ಳಿ, ಹೆಸರು ಬೇಡ. ಶಾಲೆಗೆ ಹೋಗದೆಯೂ ಓದಲು ಕಲಿತವರಿಗೆ ಬೇರೆ ಕಾಲಮ್ ಇಡಿ. ಗಂಡು–ಹೆಣ್ಣಿನ ಅಂತರ ಯಾವ ವಯಸ್ಸಿನಲ್ಲಿ ದೊಡ್ಡದಿದೆ? ತರಗತಿಯಲ್ಲಿ ಚರ್ಚಿಸಿ.